ಹಿಮನಾಟ್ಯವೂ ಮುಖವಾಡವೂ

ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರು ಕಲ್ಲಾಗುವುದೆಂಬುದು ಕಾವ್ಯಗಳಲ್ಲಿ ಓದಿದ ಮಾತೇ ಹೊರತು ಕಾಲಿನಿಂದ ತುಳಿದ ವಸ್ತುವಲ್ಲ. ಕುಮಾರಸಂಭವದ ಮೊದಲನೆಯ ಸರ್ಗವನ್ನು ಓದಿದವರು, ಹೆಪ್ಪುಗಟ್ಟಿ ಶಿಲೆಯಂತಾದ ಹಿಮದ ದಾರಿಯಲ್ಲಿ ಕುದುರೆಮುಖದ ಕಿನ್ನರಸ್ತ್ರೀಯರು ಕಾಲು ನೋಯುತ್ತಿದ್ದರೂ ತಮ್ಮ ಮಂದಗತಿಯನ್ನು ಬಿಡದೆ ನಡೆಯುವರೆಂದು ಕಾಳಿದಾಸನು ವರ್ಣಿಸಿರುವುದನ್ನು ಬಲ್ಲರು. ಈ ಭಾಗವನ್ನು ಹುಡುಗರಿಗೆ ಎಷ್ಟೋ ವರ್ಷ ಪಾಠ ಹೇಳಿದ ನಾನು, ಹಿಮದ ಮೇಲೆ ಮೃಗಮುಖದವರು ಸಂಚರಿಸುವುದನ್ನು ಒಂದು ದಿನ ಪ್ರತ್ಯಕ್ಷವಾಗಿ ನೋಡುವೆನೆಂದು ಎಣಿಸಿರಲಿಲ್ಲ. ಅದೂ ಹಿಮಾಲಯದಲ್ಲಲ್ಲ, ಅಮೆರಿಕಾದ ನ್ಯೂಜೆರ್ಸಿ ಸಂಸ್ಥಾನದ ಒಂದು ಪಟ್ಟಣದಲ್ಲಿ, ಸಾವಿರಾರು ಜನ ಸುತ್ತಲೂ ಕುಳಿತು ನೋಡುವಂತೆ ಕಟ್ಟಿದ ಒಂದು ಕ್ರೀಡಾಮಂದಿರದ ಒಳಗೆ.

ನನ್ನ ಮಗಳ ಸಂಸಾರವು ಅಲ್ಲಿ ನೆಲಸಿರುವುದು. ಒಂದು ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ಏಳು ವರ್ಷದ ಮೊಮ್ಮಗಳನ್ನು ಇಂತಹ ಒಂದು ಆಟಕ್ಕೆ ಕರೆದುಕೊಂಡು ಹೋಗುವ ಕೆಲಸವು ನನ್ನ ಪಾಲಿಗೆ ಬಂದಿತು. ಶಾಲು ಹೊದ್ದು ಕುಳಿತೆನು. ದೀಪಗಳು ಆರಿದುವು, ವಾದ್ಯ ಮೊಳಗಿತು, ಬೆಳ್ಳಗೆ ಹೊಳೆಯುವ ಹಿಮದ ನೆಲದ ಮೇಲೆ ಬಣ್ಣದ ಬೆಳಕು ಬಿದ್ದಿತು. ಕಾರ್ಟೂನು ಚಿತ್ರಗಳಲ್ಲಿ ಮಕ್ಕಳು ನಿತ್ಯವೂ ನೋಡುವ ಇಲಿ, ಬಾತುಕೋಳಿ, ರಾಜಕುಮಾರಿಯರು, ರಾಕ್ಷಸರು, ಎಲ್ಲರೂ ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆಗಳನ್ನು ತೊಟ್ಟು ಗಾಳಿಯಲ್ಲಿ ತೇಲುವವರಂತೆ ಬಂದರು. ಆಟವು ಅರ್ಧ ನಡೆದಿರಬಹುದು, ಉದ್ದ ಕಿವಿಯ ನಾಯಿಯ ವೇಷದವನು ಒಂದು ತಿರುವಿನಲ್ಲಿ ಆಯತಪ್ಪಿ ಬಿದ್ದನು. ಆಟದ ಹಾಸ್ಯವೆಂದು ಜನರು ನಕ್ಕರು. ಅದು ಹಾಸ್ಯವಾಗಿರಲಿಲ್ಲ. ಅವನು ಮೊಣಕಾಲನ್ನು ಹಿಡಿದುಕೊಂಡು ಒಂದೆರಡು ನಿಮಿಷ ಏಳಲಾರದೆ ಇದ್ದನು. ಆದರೆ ಆ ನಾಯಿಯ ಧ್ವನಿ ಮಾತ್ರ ಮಂದಿರವೆಲ್ಲ ತುಂಬುವಂತೆ ಗಹಗಹಿಸಿ ನಗುತ್ತಲೇ ಇದ್ದಿತು. ಮೊದಲೇ ಮುದ್ರಿಸಿಟ್ಟ ಧ್ವನಿ! ಅದಕ್ಕೆ ಬಿದ್ದವನ ವಿಷಯವೇನು ಗೊತ್ತು? ಮೊಮ್ಮಗಳು ನನ್ನ ಕೈಹಿಡಿದು, “ಅಜ್ಜ, ಅವನು ಬಿದ್ದು ನೋವಾಗಿರುವಾಗ ನಗುತ್ತಿರುವವರು ಯಾರು?” ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, “ಒಳಗೆ ಇರುವವರ ಹೆಸರೇನು?” ಎಂದಳು. ಹೊರಗೆ ಗೋಡೆಯ ಮೇಲೆ ಅಂಟಿಸಿದ್ದ ಪ್ರಕಟನೆಗಳಲ್ಲಿ ಇಲಿಯ ಹೆಸರನ್ನೂ ರಾಜಕುಮಾರಿಯ ಹೆಸರನ್ನೂ ನಾನು ಓದಿದ್ದೆನು. ಮನುಷ್ಯರ ಹೆಸರು ಒಂದನ್ನೂ ಕಂಡ ನೆನಪಿರಲಿಲ್ಲ.

ಉತ್ತರ ತಿಳಿಯದ ಪ್ರಶ್ನೆಯನ್ನು ಮಗು ಕೇಳಿದರೆ ಗದರಿಸಿ ಸುಮ್ಮನಾಗಿಸುವುದು ಉಪಾಧ್ಯಾಯರಲ್ಲಿ ಕೆಲವರ ಪದ್ಧತಿ. ನನಗೆ ಅದು ಸೇರದು. ಈ ಹಿಮನಾಟ್ಯವೆಂಬುದು ಹೇಗೆ ಹುಟ್ಟಿತು, ಅದರಲ್ಲಿ ಮನುಷ್ಯನ ಹೆಸರು ಮರೆಯಾಗಿ ಮುಖವಾಡದ ಹೆಸರು ಉಳಿದುದು ಹೇಗೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆನು. ಅದನ್ನೇ ವಾಚಕರ ಮುಂದೆ ಇಡುತ್ತಿರುವೆನು.

ಹಿಮನಾಟ್ಯಕ್ಕೆ ಮೊದಲು ಬೇಕಾದುದು ಹಿಮ. ಶೀತದೇಶದವರು ಕೆರೆಕಾಲುವೆಗಳು ಹೆಪ್ಪುಗಟ್ಟಿದಾಗ, ಬಹು ಪ್ರಾಚೀನಕಾಲದಲ್ಲಿ ಪ್ರಾಣಿಗಳ ಮೂಳೆಗಳನ್ನೂ ತರುವಾಯ ಕಬ್ಬಿಣದ ಅಲಗುಗಳನ್ನೂ ಕಾಲಿಗೆ ಕಟ್ಟಿಕೊಂಡು ಜಾರುತ್ತಿದ್ದರು. ಇದಕ್ಕೆ ಸ್ಕೇಟಿಂಗ್ ಎಂದು ಹೆಸರು. ಆದರೆ ಚಳಿಗಾಲ ಕಳೆದರೆ ಆಟವೂ ಕಳೆಯಿತು. ವರ್ಷವೆಲ್ಲ ಆಡಬೇಕೆಂಬ ಆಸೆಯಿಂದ 1840ರ ದಶಕದಲ್ಲಿ ಲಂಡನ್ ನಗರದವರು ಹಂದಿಯ ಕೊಬ್ಬಿಗೆ ನಾನಾಬಗೆಯ ಲವಣಗಳನ್ನು ಬೆರಸಿ ಒಂದು ನಯವಾದ ನೆಲವನ್ನು ಮಾಡಿದರು. ಅದರ ಮೇಲೆ ಜಾರಬಹುದಾಗಿತ್ತು. ಆದರೆ ನಾತವನ್ನು ಸಹಿಸುವುದು ಹೇಗೆ? ಜನರು ಬಹುಬೇಗ ಬೇಸತ್ತರು. ನಿಜವಾದ ಹಿಮವನ್ನು ಯಂತ್ರದಿಂದ ನೆಲದ ಮೇಲೆ ಹೆಪ್ಪುಗಟ್ಟಿಸಿದ ಕೀರ್ತಿ ಜಾನ್ ಗ್ಯಾಮ್ಜಿ ಎಂಬ ಪಶುವೈದ್ಯನದು. ದೂರದೇಶಗಳಿಂದ ಮಾಂಸವನ್ನು ಕೆಡದಂತೆ ತರಿಸುವ ಉಪಾಯವನ್ನು ಹುಡುಕುತ್ತಿದ್ದ ಈತನು, ಅದೇ ವಿದ್ಯೆಯಿಂದ 1876ರಲ್ಲಿ ಲಂಡನ್ನಿನ ಚೆಲ್ಸಿ ಎಂಬ ಭಾಗದಲ್ಲಿ ಒಂದು ಹಿಮದ ಅಂಗಳವನ್ನು ತೆರೆದನು. ಗಾರೆಯ ನೆಲ, ಅದರ ಮೇಲೆ ಮಣ್ಣು, ಹಸುವಿನ ಕೂದಲು, ಹಲಗೆಗಳು. ಅವುಗಳ ಮೇಲೆ ತಾಮ್ರದ ಕೊಳವೆಗಳು. ಕೊಳವೆಗಳೊಳಗೆ ಗ್ಲಿಸರಿನ್ ಮುಂತಾದುವುಗಳನ್ನು ಕೂಡಿಸಿದ ಅತಿಶೀತಲವಾದ ದ್ರವ. ಕೊಳವೆಗಳ ಮೇಲೆ ನಿಲ್ಲಿಸಿದ ನೀರು. ಹಿಮವಾಯಿತು.

ಇಂದಿಗೂ ಉಪಾಯವು ಮೂಲದಲ್ಲಿ ಅದೇ. ಘನೀಭವಿಸದ ಉಪ್ಪುನೀರನ್ನಾಗಲಿ ಗ್ಲೈಕಾಲ್ ಎಂಬ ದ್ರವವನ್ನಾಗಲಿ ಯಂತ್ರದಿಂದ ತಣ್ಣಗೆ ಮಾಡಿ ನೆಲದೊಳಗಿನ ಕೊಳವೆಗಳಲ್ಲಿ ಹರಿಸುವರು. ಮೇಲೆ ನೀರನ್ನು ತೆಳ್ಳನೆಯ ಪದರ ಪದರವಾಗಿ ಸಿಂಪಡಿಸುವರು. ಕೆಳಗಿನ ಪದರಕ್ಕೆ ಬಿಳಿಯ ಬಣ್ಣವನ್ನು ಬಳಿಯುವರು. ಒಂದೆರಡು ಅಂಗುಲ ದಪ್ಪವಾದರೆ ಸಾಕು. ಅದು ಅತಿ ಗಡುಸಾಗಿಯೂ ಇರಬಾರದು. ಹಾರಿ ಇಳಿಯುವ ನರ್ತಕರಿಗೆ, ಚೆಂಡಾಟದವರಿಗೆ ಬೇಕಾದುದಕ್ಕಿಂತ ತುಸು ಮೆತ್ತಗಿನ ಹಿಮವೇ ಹಿತವಂತೆ. ಒಂದು ಆಟ ಮುಗಿಯುವ ಹೊತ್ತಿಗೆ ನೂರಾರು ಅಲಗುಗಳು ಗೀಚಿ ನೆಲವು ಉತ್ತ ಹೊಲದಂತಾಗುವುದು. ಹಿಂದೆ ಅದನ್ನು ಕೆರೆದು, ತೊಳೆದು, ಮತ್ತೆ ನಯಮಾಡಲು ಹಲವರು ಆಳುಗಳಿಗೆ ಒಂದು ಗಂಟೆಗೆ ಮೀರಿದ ಕೆಲಸವಿರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಹಿಮದ ಅಂಗಳವನ್ನಿಟ್ಟುಕೊಂಡಿದ್ದ ಫ್ರಾಂಕ್ ಜ್ಯಾಂಬೋನಿ ಎಂಬಾತನು 1949ರಲ್ಲಿ ಈ ಮೂರು ಕೆಲಸಗಳನ್ನೂ ಒಬ್ಬನೇ ಕುಳಿತು ಹತ್ತು ನಿಮಿಷಗಳಲ್ಲಿ ಮುಗಿಸುವ ವಾಹನವೊಂದನ್ನು ರಚಿಸಿದನು. ಆಟದ ನಡುವಣ ವಿರಾಮದಲ್ಲಿ ಈ ವಾಹನವು ಗಂಭೀರವಾಗಿ ಸುತ್ತುಬರುವುದನ್ನು ಮಕ್ಕಳು ಆಟದಷ್ಟೇ ಕುತೂಹಲದಿಂದ ನೋಡುತ್ತಿದ್ದರು. ನಾನೂ ನೋಡಿದೆನು.

ಇನ್ನು ನಾಟ್ಯದ ಮಾತು. ಸ್ಕೇಟಿಂಗಿಗೆ ನೃತ್ಯದ ಅಂದವನ್ನು ತಂದವನು ಜ್ಯಾಕ್ಸನ್ ಹೇನ್ಸ್ ಎಂಬ ಅಮೆರಿಕಾದ ನರ್ತಕ. ಅವನ ಕಾಲದಲ್ಲಿ ಸ್ಕೇಟಿಂಗ್ ಎಂದರೆ ಹಿಮದ ಮೇಲೆ ಅಲಗಿನಿಂದ ಎಂಟು, ಮೂರು ಮುಂತಾದ ಅಂಕಿಗಳ ಆಕಾರವನ್ನು ತಪ್ಪಿಲ್ಲದೆ ಗೀಚುವುದು. ಮೈಯನ್ನು ಬಿಗಿಹಿಡಿದು ಮಾಡುವ ಒಂದು ಬಗೆಯ ಕಾಪಿ ಬರೆಯುವ ಕೆಲಸ. ಹೇನ್ಸನು ಸಂಗೀತಕ್ಕೆ ಹೊಂದಿಸಿ ಕುಣಿದನು. ಸ್ವದೇಶದಲ್ಲಿ ಮನ್ನಣೆ ದೊರೆಯದೆ 1860ರ ದಶಕದಲ್ಲಿ ಯೂರೋಪಿಗೆ ಹೋಗಿ ವಿಯೆನ್ನಾ ನಗರವನ್ನು ಮೋಹಗೊಳಿಸಿ, 1875ರಲ್ಲಿ ಫಿನ್ಲೆಂಡಿನಲ್ಲಿ ತೀರಿಕೊಂಡನು. ಅವನ ವಿದ್ಯೆಯು ಅಲ್ಲಿಂದ ಸುತ್ತಿಬಳಸಿ ಅಮೆರಿಕಾವನ್ನು ಸೇರಿದುದು ಬರ್ಲಿನಿನ ಷಾರ್ಲಟ್ ಎಂಬ ಹುಡುಗಿಯ ಮೂಲಕ. 1915ರಲ್ಲಿ ಈಕೆಯು ನ್ಯೂಯಾರ್ಕಿನ ಹಿಪ್ಪೊಡ್ರೋಮ್ ಎಂಬ ದೊಡ್ಡ ನಾಟಕಶಾಲೆಯಲ್ಲಿ ಹಿಮದ ಮೇಲೆ ನರ್ತಿಸಿದಳು. ಆಗ ಆಕೆಗೆ ಹದಿನೇಳು ವರ್ಷ. ಕೆಲವು ವಾರಗಳಿಗೆಂದು ಬಂದವಳನ್ನು ಜನರು ವರ್ಷಗಟ್ಟಲೆ ಬಿಡಲಿಲ್ಲ.

ಆದರೆ ಹಿಮನಾಟ್ಯವನ್ನು ಮನೆಮನೆಯ ಮಾತನ್ನಾಗಿ ಮಾಡಿದವಳು ನಾರ್ವೆ ದೇಶದ ಸೋನ್ಯಾ ಹೆನಿ. 1924ರ ಒಲಿಂಪಿಕ್ ಪಂದ್ಯದಲ್ಲಿ ಹನ್ನೊಂದು ವರ್ಷದ ಬಾಲೆಯಾಗಿದ್ದ ಈಕೆಯು ಎಲ್ಲರಿಗಿಂತ ಕೊನೆಯವಳಾದಳು. 1928, 1932, 1936 ಈ ಮೂರು ಒಲಿಂಪಿಕ್ ಪಂದ್ಯಗಳಲ್ಲಿಯೂ ಮೊದಲನೆಯವಳಾದಳು. ಜಗತ್ತಿನ ಪಂದ್ಯದಲ್ಲಿ ಒಂದೇ ಸಮನೆ ಹತ್ತು ಸಲ ಗೆದ್ದಳು. ಅನಂತರ ಹಾಲಿವುಡ್ಡಿಗೆ ಹೋಗಿ ಸಿನೆಮಾ ನಟಿಯಾದಳು; ತನ್ನದೇ ಒಂದು ಹಿಮನಾಟ್ಯ ಮಂಡಲಿಯೊಡನೆ ಊರೂರು ಸುತ್ತಿ ಅಪಾರವಾದ ಧನವನ್ನು ಗಳಿಸಿದಳು. ಜ್ಯಾಂಬೋನಿಯ ಆ ಯಂತ್ರವನ್ನು ಮೊದಲಲ್ಲಿಯೇ ಕೊಂಡವರಲ್ಲಿ ಈಕೆಯೂ ಒಬ್ಬಳು. ಇಲ್ಲಿ ವಾಚಕರು ಗಮನಿಸಬೇಕಾದುದು ಇಷ್ಟು: ಜನರು ಹಣ ಕೊಟ್ಟು ಬರುತ್ತಿದ್ದುದು ಸೋನ್ಯಾ ಹೆನಿಯನ್ನು ನೋಡುವುದಕ್ಕೆ. ಅವಳು ಯಾವ ವೇಷ ಹಾಕಿದರೂ ಅವಳು ಅವಳೇ. ಹೆಸರು ಅವಳದು, ಮುಖ ಅವಳದು, ಬಿದ್ದರೆ ಸೋಲೂ ಅವಳದು.

ಈಕೆಯ ವೈಭವವನ್ನು ಕಂಡು ಮಂಡಲಿಗಳು ಹುಟ್ಟಿದುವು. 1936ರಲ್ಲಿ ಷಿಪ್‌ಸ್ಟಾಡ್ ಸೋದರರಿಬ್ಬರೂ ಅವರ ಗೆಳೆಯನಾದ ಆಸ್ಕರ್ ಜಾನ್ಸನ್ನನೂ ಸೇರಿ ‘ಐಸ್ ಫಾಲೀಸ್’ ಎಂಬುದನ್ನು ಆರಂಭಿಸಿದರು. 1940ರಲ್ಲಿ ಕ್ರೀಡಾಮಂದಿರಗಳ ಒಡೆಯರು ಕೆಲವರು, ಚಾಕೊಲೇಟಿಗೆ ಹೆಸರಾದ ಹರ್ಷಿ ಎಂಬ ಊರಿನಲ್ಲಿ ಸಭೆ ಸೇರಿ ‘ಐಸ್ ಕೆಪೇಡ್ಸ್’ ಎಂಬುದನ್ನು ಕಟ್ಟಿದರು. ಹಿಮದ ಅಂಗಳವಿಲ್ಲದ ಸಣ್ಣ ಊರುಗಳವರ ಗತಿಯೇನು? ಅವರಿಗಾಗಿ ಟೋಲೀಡೋ ನಗರದ ಎಮೆರಿ ಗಿಲ್ಬರ್ಟನೆಂಬವನು ಮಡಿಸಿ ಒಯ್ಯಬಹುದಾದ ಹಿಮದ ನೆಲವನ್ನೇ ನಿರ್ಮಿಸಿದನು. ಅದರಿಂದ 1943ರ ಸುಮಾರಿಗೆ ‘ಹಾಲಿಡೇ ಆನ್ ಐಸ್’ ಎಂಬ ಮೂರನೆಯ ಮಂಡಲಿ ಹೊರಟಿತು. ನಮ್ಮ ಯಕ್ಷಗಾನದ ಮೇಳಗಳು ರಂಗಸ್ಥಳದ ಸಾಮಗ್ರಿಗಳನ್ನೆಲ್ಲ ಹೊತ್ತು ಊರಿಂದೂರಿಗೆ ಹೋಗುವಂತೆ, ಇವರು ನೆಲವನ್ನೇ ಹೊತ್ತುಕೊಂಡು ಹೋದರು. ಇವುಗಳಲ್ಲಿ ಮೊದಲಿನೆರಡು ಈಗಿಲ್ಲ. ಮೂರನೆಯದು ಯೂರೋಪಿನಲ್ಲಿ ಇನ್ನೂ ನಡೆಯುತ್ತಿದೆ. ಈ ಮಂಡಲಿಗಳಲ್ಲಿ ಹಾಸ್ಯಗಾರರಿಗೂ ಹೆಸರಿದ್ದಿತು. ಸ್ವಿಟ್ಜರ್ಲೆಂಡಿನಿಂದ ಬಂದ ಫ್ರಿಕ್ ಮತ್ತು ಫ್ರ್ಯಾಕ್ ಎಂಬ ಜೋಡಿಯ ಹೆಸರು, ಬಿಡಿಸಲಾಗದ ಯಾವ ಜೊತೆಗೂ ಹೇಳುವ ಮಾತಾಗಿ ಇಂಗ್ಲಿಷು ಭಾಷೆಯನ್ನೇ ಸೇರಿಬಿಟ್ಟಿತು.

ಮಕ್ಕಳುಮರಿಯೊಡನೆ ಸಂಸಾರವೇ ಕೂಡಿ ನೋಡುವ ಈ ಆಟಗಳ ಚರಿತ್ರೆಯಲ್ಲಿ ಒಂದು ದಾರುಣವಾದ ರಾತ್ರಿಯೂ ಉಂಟು. 1963ರ ಅಕ್ಟೋಬರ್ 31ರಂದು ಇಂಡಿಯಾನಾಪೊಲಿಸ್ ನಗರದಲ್ಲಿ ‘ಹಾಲಿಡೇ ಆನ್ ಐಸ್’ ಆಟವು ಮುಗಿಯುತ್ತ ಬಂದಿದ್ದಿತು. ಪ್ರೇಕ್ಷಕರ ಸಾಲುಗಳ ಕೆಳಗೆ, ಹುರಿದ ಜೋಳದ ಅರಳನ್ನು ಬಿಸಿಯಾಗಿಡುವುದಕ್ಕೆಂದು ಇಟ್ಟಿದ್ದ ಅನಿಲದ ಪಾತ್ರೆಯೊಂದು ಸೋರಿ ಸಿಡಿಯಿತು. 70ಕ್ಕೂ ಮೇಲ್ಪಟ್ಟು ಜನ ಸತ್ತರು; ಗಾಯಗೊಂಡವರು ನೂರಾರು. ಹಿಮದ ನೆಲದ ಮೇಲೆಯೇ ಶವಗಳನ್ನು ಸಾಲಾಗಿ ಮಲಗಿಸಬೇಕಾಯಿತು. ಆಟಕ್ಕೂ ಆ ಅನರ್ಥಕ್ಕೂ ಸಂಬಂಧವಿರಲಿಲ್ಲವಾದರೂ, ಸಾವಿರಾರು ಜನ ಸೇರುವ ಮಂದಿರಕ್ಕೆ ಮಕ್ಕಳನ್ನು ಕರೆದೊಯ್ಯುವವರು ಹೊರಬೀಳುವ ಬಾಗಿಲು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳುವುದು ಲೇಸು. ನಾನು ಆ ಅಭ್ಯಾಸವನ್ನು ಇಟ್ಟುಕೊಂಡಿದ್ದೇನೆ. ಮನೆಯವರು ನಗುವರು, ನಗಲಿ.

ಈಗ ಮುಖವಾಡದ ಪ್ರವೇಶ. ವಾಲ್ಟ್ ಡಿಸ್ನಿಯ ‘ಸ್ನೋ ವೈಟ್’ ಎಂಬ ಪೂರ್ಣಪ್ರಮಾಣದ ಕಾರ್ಟೂನು ಚಿತ್ರವು 1937ರಲ್ಲಿ ಹೊರಬಂದು ಜಗತ್ತನ್ನೇ ಬೆರಗುಗೊಳಿಸಿತು. 1949ರಲ್ಲಿ ಅವನ ಸಂಸ್ಥೆಯು ತನ್ನ ಪಾತ್ರಗಳನ್ನು ಉಪಯೋಗಿಸಿಕೊಳ್ಳುವ ಹಕ್ಕನ್ನು ‘ಐಸ್ ಕೆಪೇಡ್ಸ್’ ಮಂಡಲಿಗೆ ಕೊಟ್ಟಿತು. ಆಗ ಅದು ಆಟದಲ್ಲಿ ಒಂದು ಭಾಗ ಮಾತ್ರ. ಮಿಕ್ಕ ಭಾಗವೆಲ್ಲ ಹೆಸರುವಾಸಿಯಾದ ನರ್ತಕರದು. ಊಟದ ಕೊನೆಯ ಪಾಯಸದಂತೆ ಮಕ್ಕಳಿಗಾಗಿ ಇಲಿಯೂ ಕುಳ್ಳರೂ ಬಂದು ಹೋಗುತ್ತಿದ್ದರು. ಪಾಯಸವೇ ಊಟವಾದುದು ಮೂವತ್ತು ವರ್ಷಗಳ ಮೇಲೆ.

ಆ ಕಥೆಯು ಸರ್ಕಸ್ಸಿನಿಂದ ಮೊದಲಾಗುವುದು. ಅರ್ವಿನ್ ಫೆಲ್ಡ್ ಎಂಬ ವ್ಯಾಪಾರಿಯು ತನ್ನ ಸೋದರನೊಡನೆಯೂ ಮತ್ತೊಬ್ಬ ಪಾಲುದಾರನೊಡನೆಯೂ ಸೇರಿ, ರಿಂಗ್ಲಿಂಗ್ ಸೋದರರ ಪ್ರಸಿದ್ಧವಾದ ಸರ್ಕಸ್ಸನ್ನು 1967ರಲ್ಲಿ ಕೊಂಡನು. 1971ರಲ್ಲಿ ಅದು ಮ್ಯಾಟೆಲ್ ಎಂಬ ಆಟಿಕೆಯ ಕಂಪೆನಿಯ ವಶವಾಯಿತು. ಆಡಳಿತವು ಫೆಲ್ಡ್ ಮನೆತನದವರ ಕೈಯಲ್ಲಿಯೇ ಉಳಿಯಿತು. 1979ರಲ್ಲಿ ‘ಐಸ್ ಫಾಲೀಸ್’ ಮಂಡಲಿಯೂ ‘ಹಾಲಿಡೇ ಆನ್ ಐಸ್’ ಮಂಡಲಿಯ ಅಮೆರಿಕಾದ ಶಾಖೆಯೂ ಇವರ ಬುಟ್ಟಿಗೆ ಬಿದ್ದುವು. ಇವರು ಡಿಸ್ನಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, 1981ರ ಜುಲೈ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿಯೇ ‘ವಾಲ್ಟ್ ಡಿಸ್ನೀಸ್ ವರ್ಲ್ಡ್ ಆನ್ ಐಸ್’ ಎಂಬ ಆಟವನ್ನು ಆರಂಭಿಸಿದರು. ಅದೇ ಮುಂದೆ ‘ಡಿಸ್ನಿ ಆನ್ ಐಸ್’ ಎಂಬ ಹೆಸರನ್ನು ತಾಳಿತು. ಮರುವರ್ಷ ಫೆಲ್ಡ್ ಮನೆತನದವರು ಎಲ್ಲವನ್ನೂ ಆಟಿಕೆಯ ಕಂಪೆನಿಯಿಂದ ಮರಳಿ ಕೊಂಡರು. 1984ರಲ್ಲಿ ಅರ್ವಿನ್ ಫೆಲ್ಡ್ ತೀರಿಕೊಂಡಮೇಲೆ ಅವನ ಮಗನಾದ ಕೆನೆತ್ ಫೆಲ್ಡನು ಕಾರುಬಾರನ್ನು ವಹಿಸಿಕೊಂಡನು. 1986ರಲ್ಲಿ ಆಟವು ಜಪಾನಿಗೆ ಹೋಯಿತು. ಇಂದು ಒಂದೇ ಸಮಯದಲ್ಲಿ ಹಲವು ತಂಡಗಳು ಜಗತ್ತಿನ ಹಲವು ದಿಕ್ಕುಗಳಲ್ಲಿ ಸುತ್ತುತ್ತಿರುವುವು. 2013ರಲ್ಲಿ ‘ಫ್ರೋಜನ್’ ಎಂಬ ಹಿಮದ ಕಥೆಯ ಚಿತ್ರ ಬಂದು, ಮರುವರ್ಷವೇ ಅದು ಹಿಮದ ಮೇಲೆ ಆಟವಾದಾಗ ತಾಯಂದಿರು ಟಿಕೇಟಿಗಾಗಿ ಪಟ್ಟ ಪಾಡನ್ನು ನನ್ನ ಮಗಳು ಇಂದಿಗೂ ಹೇಳುವಳು. 2020ರ ಮಾರ್ಚಿ ತಿಂಗಳಲ್ಲಿ ಮಹಾಮಾರಿಯ ದೆಸೆಯಿಂದ ಆಟಗಳೆಲ್ಲ ನಿಂತುವು. ಆಮೇಲೆ ಮತ್ತೆ ಹೊರಟುವು.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದರ ಮರ್ಮವು ಸುಲಭವಾಗಿ ತಿಳಿಯುವುದು. ಸೋನ್ಯಾ ಹೆನಿಗೆ ವಯಸ್ಸಾಯಿತು, ಇಲಿಗೆ ವಯಸ್ಸಾಗದು. ಹೆನಿಯು ಒಂದು ರಾತ್ರಿ ಒಂದೇ ಊರಿನಲ್ಲಿ ಕುಣಿಯಬಲ್ಲಳು; ಇಲಿಯು ಅದೇ ರಾತ್ರಿ ಟೋಕಿಯೋ ನಗರದಲ್ಲಿಯೂ ಷಿಕಾಗೋ ನಗರದಲ್ಲಿಯೂ ಕುಣಿಯಬಲ್ಲುದು. ಹೆಸರಾದ ನರ್ತಕಿಯು ಸಂಬಳ ಸಾಲದೆಂದರೆ ಒಡೆಯನು ಕೈಮುಗಿಯಬೇಕು. ಮುಖವಾಡದೊಳಗಿನವನು ಸಾಲದೆಂದರೆ ಮತ್ತೊಬ್ಬನು ಅದನ್ನು ತೊಡುವನು, ಪ್ರೇಕ್ಷಕರಿಗೆ ತಿಳಿಯುವುದೇ ಇಲ್ಲ. ಇದಕ್ಕೆ ಪ್ರತಿಯಾಗಿ ಹೆಸರನ್ನೇ ನೆಚ್ಚಿ ಹೊರಟವರ ಗತಿಯನ್ನೂ ಹೇಳಬೇಕು. 1976ರ ಒಲಿಂಪಿಕ್ ಪಂದ್ಯದಲ್ಲಿ ಚಿನ್ನವನ್ನು ಗೆದ್ದು ಅಮೆರಿಕಾದ ಕಣ್ಮಣಿಯಾದ ಡರತಿ ಹ್ಯಾಮಿಲ್ ಎಂಬಾಕೆಯು, ದಿವಾಳಿಯ ದಡಕ್ಕೆ ಬಂದಿದ್ದ ‘ಐಸ್ ಕೆಪೇಡ್ಸ್’ ಮಂಡಲಿಯನ್ನು 1993ರಲ್ಲಿ ತಾನೇ ಕೊಂಡಳು. ಅದನ್ನು ಉಳಿಸಬೇಕೆಂದು ಬಹಳ ಶ್ರಮಪಟ್ಟಳು. ಎರಡು ವರ್ಷಗಳೊಳಗಾಗಿ ಬೇರೆಯವರಿಗೆ ಮಾರಿಬಿಡಬೇಕಾಯಿತು. ಮಂಡಲಿಯೂ ಹೆಚ್ಚು ಕಾಲ ಬಾಳಲಿಲ್ಲ.

ಹಾಗಾದರೆ ಮುಖವಾಡದೊಳಗೆ ಇರುವವರು ಯಾರು? ಮಗುವಿನ ಪ್ರಶ್ನೆ ಇದೇ. ಮೊದಲ ವರ್ಷಗಳಲ್ಲಿ ಡಿಸ್ನಿಯ ಆಟದಲ್ಲಿ ನರ್ತಿಸಿದವಳು ಲಿಂಡಾ ಫ್ರಾಟಿಯಾನಿ. 1977ರಲ್ಲಿಯೂ 1979ರಲ್ಲಿಯೂ ಜಗತ್ತಿನ ಪಂದ್ಯವನ್ನು ಗೆದ್ದವಳು, 1980ರ ಒಲಿಂಪಿಕ್ಕಿನಲ್ಲಿ ಬೆಳ್ಳಿಯನ್ನು ಪಡೆದವಳು. ಆಕೆಗೆ ಮುಖವಾದರೂ ಇದ್ದಿತು. ಇನ್ನೊಂದು ನಿದರ್ಶನವು ಇದಕ್ಕಿಂತ ವಿಚಿತ್ರವಾದುದು. ‘ಪೀನಟ್ಸ್’ ಎಂಬ ಚಿತ್ರಮಾಲೆಯನ್ನು ಬರೆದ ಚಾರಲ್ಸ್ ಷುಲ್ಟ್ಸ್ ಎಂಬಾತನಿಗೆ ಸ್ಕೇಟಿಂಗ್ ಎಂದರೆ ಪ್ರಾಣ. 1969ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಎಂಬ ತನ್ನ ಊರಿನಲ್ಲಿ ಒಂದು ಹಿಮದ ಅಂಗಳವನ್ನೇ ಕಟ್ಟಿಸಿದನು. ಅವನ ಸ್ನೂಪಿ ಎಂಬ ನಾಯಿಯ ಪಾತ್ರವು ಹಿಮದ ಮೇಲೆ ಕುಣಿಯುವುದನ್ನು ಮಕ್ಕಳು ಬಹುಕಾಲ ನೋಡಿ ನಲಿದರು. ಆ ನಾಯಿಯ ತಲೆಯೊಳಗೆ ಹಲವು ವರ್ಷ ಇದ್ದವಳು ಜೂಡಿ ಸ್ಲಾಡ್ಕಿ. 1968ರಿಂದ 1972ರ ವರೆಗೆ ಐದು ವರ್ಷವೂ ತನ್ನ ಜೊತೆಗಾರನೊಡನೆ ಹಿಮನೃತ್ಯದಲ್ಲಿ ಅಮೆರಿಕಾ ದೇಶಕ್ಕೇ ಮೊದಲನೆಯವಳಾಗಿದ್ದವಳು! ನಾಯಿಯು ಎಷ್ಟು ಚೆನ್ನಾಗಿ ಕುಣಿಯುತ್ತದೆಯೆಂದು ಮಕ್ಕಳು ಹೇಳುತ್ತಿದ್ದರು. ಹೇಳಬೇಕಾದುದೇ.

ಮಿಕ್ಕವರು ಇಷ್ಟು ದೊಡ್ಡವರಲ್ಲ, ಆದರೂ ಸಾಮಾನ್ಯರಲ್ಲ. ನಾಲ್ಕೈದನೆಯ ವಯಸ್ಸಿನಲ್ಲಿ ಹಿಮಕ್ಕೆ ಇಳಿದು, ಬೆಳಗಿನ ಜಾವದಲ್ಲೆದ್ದು ಹತ್ತು ಹದಿನೈದು ವರ್ಷ ಅಭ್ಯಾಸ ಮಾಡಿ, ತಾಯಿತಂದೆಗಳ ಸಂಪಾದನೆಯನ್ನು ಅಲಗು, ಪಾದರಕ್ಷೆ, ಗುರುದಕ್ಷಿಣೆಗಳಿಗೆ ಸುರಿಸಿ, ಕೊನೆಗೆ ಒಲಿಂಪಿಕ್ಕಿನ ಮೆಟ್ಟಿಲಿಗೆ ಒಂದು ಕೂದಲೆಳೆಯಷ್ಟು ಕೆಳಗೆ ನಿಂತವರು ಇವರು. ಅಂತಹವರಿಗೆ ಕಲಿತ ವಿದ್ಯೆಯಿಂದ ಅನ್ನ ಹುಟ್ಟುವ ಸ್ಥಳಗಳು ಎರಡು: ಒಂದು, ಮಕ್ಕಳಿಗೆ ಕಲಿಸುವುದು, ಇನ್ನೊಂದು, ಈ ಮಂಡಲಿ. ವರ್ಷದ ಬಹುಭಾಗ ಪ್ರವಾಸ. ಶನಿವಾರ ಬಂದರೆ ಎಷ್ಟೋ ಊರುಗಳಲ್ಲಿ ದಿನಕ್ಕೆ ಮೂರು ಆಟ. ಅಲಗಿನ ಅಡಿಯು ನಮ್ಮ ಈಳಿಗೆಮಣೆಯ ಬಾಯಂತೆ ಚೂಪಾಗಿರುವುದಿಲ್ಲ. ಉದ್ದಕ್ಕೂ ನಡುವೆ ಕಿರಿದಾದ ಹಳ್ಳವಿದ್ದು ಎರಡು ಅಂಚುಗಳಿರುವುವು. ನರ್ತಕನು ನಿಲ್ಲುವುದೂ ತಿರುಗುವುದೂ ಈ ಎರಡರಲ್ಲಿ ಒಂದು ಅಂಚಿನ ಮೇಲೆ. ಅಷ್ಟು ಕಿರಿದಾದ ಆಧಾರದ ಮೇಲೆ, ತನ್ನ ಪಾದಗಳೇ ತನಗೆ ಕಾಣದಂತಹ ದೊಡ್ಡ ತಲೆಯನ್ನು ಹೊತ್ತು ಅವನು ಹಾರಬೇಕು, ಸುತ್ತಬೇಕು, ಮಕ್ಕಳಿಗೆ ಕೈಬೀಸಬೇಕು.

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಭಾಗಿಸಿರುವನು. ಕೃತಕವಾದ ತಲೆಗಳನ್ನು ಮಾಡುವ ವಿಚಾರವನ್ನೂ ಆಹಾರ್ಯದಲ್ಲಿಯೇ ಹೇಳಿರುವನು. ಆದುದರಿಂದ ಮುಖವಾಡವು ನಮಗೆ ಹೊಸದಲ್ಲ, ಹೀನವೂ ಅಲ್ಲ. ನಮ್ಮ ಹಳೆಯ ಮೈಸೂರಿನ ಕಡೆ ಸೋಮನ ಕುಣಿತದವನು ಮರದ ದೊಡ್ಡ ಮುಖವನ್ನು ಹೊತ್ತು ಕುಣಿಯುವಾಗ ಯಾರೂ ಅವನ ಹೆಸರನ್ನು ಕೇಳುವುದಿಲ್ಲ. ಆಗ ಅವನು ದೇವತೆ. ಮುಖವಾಡ ಇಳಿದಮೇಲೆ ಮಾತ್ರ ಅವನು ಊರಿಗೆಲ್ಲ ಗೊತ್ತಿರುವ ಇಂತಹವರ ಮಗ, ಇಂತಹ ಬೀದಿಯವನು. ಹಿಮನಾಟ್ಯದಲ್ಲಿ ನನಗೆ ಹೊಸದಾಗಿ ಕಂಡುದು ಈ ಎರಡನೆಯ ಭಾಗವಿಲ್ಲದಿರುವುದು. ವಾಚಿಕವನ್ನು ಅವನಿಂದ ಕಿತ್ತು ಯಂತ್ರಕ್ಕೆ ಕೊಟ್ಟಿರುವರು. ಊರು ಬದಲಾದರೆ ಭಾಷೆಯ ಮುದ್ರಣವೂ ಬದಲಾಗುವುದು, ಅವನ ಬಾಯಿಗೆ ಕೆಲಸವಿಲ್ಲ. ಸಾತ್ತ್ವಿಕವು ತೋರಬೇಕಾದ ಮುಖವು ಮುಚ್ಚಿದೆ. ಉಳಿದುದು ಆಂಗಿಕವೊಂದೇ. ಆಟ ಮುಗಿದಮೇಲೆ ಮುಖವಾಡವನ್ನು ಕಳಚಿ ತೋರಿಸುವ ಹಾಗೂ ಇಲ್ಲ. ಮಕ್ಕಳ ಕನಸು ಒಡೆಯುವುದೆಂದು.

ಈ ಕೊನೆಯ ಕಾರಣವನ್ನು ನಾನು ಸುಳ್ಳೆನ್ನಲಾರೆನು. ನಮ್ಮ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮೂರು ವರ್ಷದ ಒಂದು ಮಗುವು ಇಲಿಯನ್ನು ಕಂಡು, ದೂರದೇಶದಿಂದ ಬಂದ ಸೋದರಮಾವನನ್ನು ಕಂಡಂತೆ ಎರಡು ಕೈಗಳನ್ನೂ ನೀಡಿ ಕೂಗಿದುದನ್ನು ನೋಡಿದೆನು. ಅದಕ್ಕೆ ಒಳಗೊಬ್ಬ ಮನುಷ್ಯನಿದ್ದಾನೆಂದು ಹೇಳುವುದು ಯಾರಿಗೂ ಉಚಿತವಲ್ಲ. ಆದರೆ ಏಳು ವರ್ಷದ ಮಗುವು ತಾನಾಗಿಯೇ ಕೇಳಿದರೆ? ಆಗ ಹೇಳದಿರುವುದೂ ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಆಟದ ಮಂದಿರಗಳ ಹೊರಗೆ ಮಾರುವ ಬೊಂಬೆ, ದೀಪ, ಕಿರೀಟಗಳಿಗೆ ತಂದೆತಾಯಿಗಳು ಟಿಕೇಟಿಗಿಂತ ಹೆಚ್ಚು ಹಣವನ್ನು ಸುರಿಯುವುದನ್ನು ಕಂಡಿದ್ದೇನೆ. ಆ ಬೊಂಬೆಗಳ ಮುಖವನ್ನು ಮಗುವಿಗೆ ಗುರುತುಮಾಡಿಸುವುದಕ್ಕೆ ಇಷ್ಟು ಜನ ದುಡಿಯುತ್ತಿರುವಾಗ, ಒಳಗೆ ಬೆವರುತ್ತಿರುವವನೊಬ್ಬನು ಇದ್ದಾನೆಂದು ಹೇಳುವುದಕ್ಕೆ ಮನೆಯ ಹಿರಿಯನೊಬ್ಬನಾದರೂ ಇರಲಿ. ಹಾಗೆಂದು ಆಟಕ್ಕೆ ಹೋಗಬಾರದೆಂದು ನಾನು ಹೇಳುವೆನೆಂದು ತಿಳಿಯಬೇಡಿರಿ. ಮತ್ತೆ ಕರೆದರೆ ಹೋಗುವೆನು. ಶಾಲು ಎರಡು ಒಯ್ಯುವೆನು.

ಅಂದು ನಾನು ಮೊಮ್ಮಗಳಿಗೆ ಹೇಳಿದುದು ಇಷ್ಟೆ: “ನಗುವವನು ಬೇರೆ, ಬಿದ್ದವನು ಬೇರೆ. ನಕ್ಕವನು ಯಾವಾಗಲೋ ಒಂದು ಕೋಣೆಯಲ್ಲಿ ಕುಳಿತು ನಕ್ಕು ಮನೆಗೆ ಹೋದನು. ಬಿದ್ದವನು ಇಲ್ಲಿಯೇ ಇದ್ದಾನೆ. ಹೆಸರು ನನಗೆ ತಿಳಿಯದು.” ಅವಳು ಸುಮ್ಮನಾದಳು. ಅಷ್ಟರಲ್ಲಿ ನಾಯಿಯ ವೇಷದವನು ಎದ್ದಿದ್ದನು. ಒಂದು ಕಾಲಿನ ಮೇಲೆಯೇ ಹೆಚ್ಚು ಭಾರ ಬಿಟ್ಟುಕೊಂಡು ತನ್ನ ಪಾಲಿನ ಸುತ್ತುಗಳನ್ನೆಲ್ಲ ಪೂರೈಸಿದನು. ಹಾರಬೇಕಾದಲ್ಲಿ ಹಾರಲಿಲ್ಲ, ಆ ಕೊರತೆಯನ್ನು ಕೈಗಳ ಆಟದಿಂದ ಮುಚ್ಚಿದನು.

ಕೊನೆಯಲ್ಲಿ ಪಾತ್ರಗಳೆಲ್ಲ ಸಾಲಾಗಿ ಬಂದು ವಂದಿಸಿದರು. ಮಕ್ಕಳು ಇಲಿಯ ಹೆಸರನ್ನೂ ರಾಜಕುಮಾರಿಯರ ಹೆಸರನ್ನೂ ಕೂಗುತ್ತಿದ್ದರು. ನನ್ನ ಮೊಮ್ಮಗಳು ಎದ್ದು ನಿಂತು ಸಾಲಿನ ತುದಿಯಲ್ಲಿದ್ದ ಆ ಉದ್ದ ಕಿವಿಯವನ ಕಡೆಗೇ ನೋಡುತ್ತಿದ್ದಳು. ಕೂಗಲು ಹೆಸರಿಲ್ಲದುದರಿಂದ ಕೈಯನ್ನಷ್ಟೇ ಎತ್ತಿ ಬೀಸಿದಳು. ಅಷ್ಟು ಜನರಲ್ಲಿ ಅವನಿಗೆ ಅವಳು ಕಂಡಳೋ ಇಲ್ಲವೋ ಹೇಳಲಾರೆನು. ಅವನು ಬಗ್ಗಿ, ಎಡಮೊಣಕಾಲನ್ನು ಒಮ್ಮೆ ತಡವಿಕೊಂಡು, ಉಳಿದವರ ಹಿಂದೆ ಪರದೆಯೊಳಕ್ಕೆ ಜಾರಿಹೋದನು. ದ್ವಾರದ ಇನ್ನೊಂದು ಕಡೆಯಿಂದ ಹಿಮವನ್ನು ನಯಮಾಡುವ ವಾಹನವು ಹೊರಟಿತು. ಆ ಸಂಜೆ ಇನ್ನೊಂದು ಆಟವಿದ್ದಿತು.